ಪೋಸ್ಟರಿನ ಮಗು ಎತ್ತ ನೋಡುತ್ತಿದೆ?

ನಂಜನಗೂಡು ತಾಲ್ಲೂಕಿನ ಬಿಳಿಗೆರೆಯಂಥ ಊರಿಗೆ ಸಿನಿಮಾಕ್ಕಿಂತ ಮೊದಲು ಬರುತ್ತಿದ್ದುದು ಅದರ ವಾಲ್‌ಪೋಸ್ಟರ್. ಸಿನಿಮಾ ನಂಜನಗೂಡಿನಲ್ಲೋ ತಿ. ನರಸೀಪುರದಲ್ಲೋ ಮೈಸೂರಿನಲ್ಲೋ ಓಡುತ್ತಿತ್ತು. ಪೋಸ್ಟರ್ ಮಾತ್ರ ಹಳ್ಳಿಯ ಗೋಡೆಗೆ ಬಂದು, ಮೈದಾ ಅಂಟಿನಲ್ಲಿ ಕೂತು, ಮಳೆಗೆ ನೆನೆದು, ಅರ್ಧ ಹರಿದು ತಿಂಗಳುಗಟ್ಟಲೆ ಉಳಿಯುತ್ತಿತ್ತು. ಟಿಕೆಟ್ಟಿಗೆ ದುಡ್ಡಿಲ್ಲದ ಮಕ್ಕಳ ಪಾಲಿಗೆ ಅದೇ ಪೂರ್ತಿ ಸಿನಿಮಾ. ಅಕ್ಷರ ಬಾರದ ಮಗುವೂ ಅದನ್ನು ಓದುತ್ತಿತ್ತು: ಇವನು ಒಳ್ಳೆಯವನು, ಇವನು ಕೇಡಿ, ಈ ಹುಡುಗಿಗೆ ಏನೋ ಕಷ್ಟ ಬಂದಿದೆ. ಈ ಓದಿಗೆ ನೆರವಾದ ಕಲೆಯ ಬಗ್ಗೆ ಕನ್ನಡದಲ್ಲಿ ನಾವು ಬರೆದಿರುವುದು ತೀರಾ ಕಡಿಮೆ. ಮಕ್ಕಳ ಚಿತ್ರಗಳ ಪೋಸ್ಟರಿನ ಬಗ್ಗೆಯಂತೂ ಇನ್ನೂ ಕಡಿಮೆ.

ಮಕ್ಕಳ ಚಿತ್ರದ ಪೋಸ್ಟರ್ ನೋಡುವಾಗ ನಾನು ಮೊದಲು ಹುಡುಕುವುದು ಮಗುವಿನ ಕಣ್ಣನ್ನು. ಅದು ಪಕ್ಕದ ದೊಡ್ಡವರನ್ನು ನೋಡುತ್ತಿದೆಯೇ, ನಮ್ಮನ್ನು ನೋಡುತ್ತಿದೆಯೇ, ಅಥವಾ ತನ್ನದೇ ಕೆಲಸದಲ್ಲಿ ಮುಳುಗಿದೆಯೇ? ಆಮೇಲೆ ಮಗು ಎಷ್ಟು ದೊಡ್ಡದಾಗಿ ಕಾಣುತ್ತಿದೆ, ಅದರ ಕೈಯಲ್ಲಿ ಏನಿದೆ ಎಂಬುದು. ಇಷ್ಟು ತಿಳಿದರೆ ಆ ಚಿತ್ರ ಮಗುವಿನದೋ ಅಥವಾ ಮಗುವನ್ನು ಮುಂದಿಟ್ಟುಕೊಂಡ ದೊಡ್ಡವರದೋ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಕನ್ನಡ ಟಾಕಿ ಹುಟ್ಟಿದ 1934ರಲ್ಲೇ ನಮ್ಮ ತೆರೆಗೆ ಬಾಲನಾಯಕ ಬಂದ. 'ಸತಿ ಸುಲೋಚನಾ' ಬಂದ ವರ್ಷವೇ ಬಂದ 'ಭಕ್ತ ಧ್ರುವ'ದಲ್ಲಿ ಧ್ರುವನಾದದ್ದು ಮಾಸ್ಟರ್ ಮುತ್ತು. ಭಕ್ತಿ ಚಿತ್ರಗಳ ಮಗುವನ್ನು ಬರೆಯಲು ಕಲಾವಿದರು ಹೊಸ ಮಾದರಿಯನ್ನೇನೂ ಹುಡುಕಬೇಕಾಗಿರಲಿಲ್ಲ. ಮನೆಮನೆಯ ಗೋಡೆಯ ಮೇಲಿದ್ದ ದೇವರ ಪಟಗಳೇ ದಾರಿ ಹಾಕಿಕೊಟ್ಟಿದ್ದವು. ಮುಗಿದ ಕೈ, ಮೇಲೆತ್ತಿದ ಮುಖ, ಮೂಲೆಯಿಂದ ಇಳಿದು ಬರುವ ಬೆಳಕು: ಇವುಗಳಿಂದ ಮಗುವಿನ ಭಕ್ತಿ ಗೊತ್ತಾಗುತ್ತದೆ, ಮಗು ಯಾರೆಂಬುದು ಗೊತ್ತಾಗುವುದಿಲ್ಲ. ಪ್ರಹ್ಲಾದನ ಕಥೆಯಲ್ಲಿ ಮಾತ್ರ ಈ ಮಾದರಿಗೆ ಬೇರೆಯೇ ಶಕ್ತಿ ಬರುತ್ತದೆ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಅವರ ಮಗ ಪುನೀತ್ ಪ್ರಹ್ಲಾದ. ಕಿರೀಟ, ಗದೆ, ಅಗಲವಾದ ಎದೆಯ ತಂದೆ. ಅವನ ಮುಂದೆ ಪುಟ್ಟ ದೇಹದ ಮಗ. ಗಾತ್ರದ ಈ ಅಂತರವೇ ಇಲ್ಲಿ ಕಥೆ. ದೊಡ್ಡವರು ಮಗುವನ್ನು ಮರೆಮಾಡುತ್ತಾರೆ ಎಂಬ ನನ್ನ ದೂರು ಈ ಕಥೆಗೆ ಅನ್ವಯಿಸದು.

1960ರಲ್ಲಿ ಬಿ. ಆರ್. ಪಂತುಲು 'ಮಕ್ಕಳ ರಾಜ್ಯ' ಮಾಡಿದರು. ಮುಂದೆ ಹಾಸ್ಯನಟರಾಗಿ ಹೆಸರಾದ ಮೈಸೂರಿನ ಉಮೇಶ್ ಮಾಸ್ಟರ್ ಉಮೇಶ್ ಆಗಿ ತೆರೆಗೆ ಬಂದದ್ದು ಅದರಲ್ಲೇ. ಆ ಕಾಲದ ಒಂದು ಸೋಜಿಗವನ್ನು ಇಲ್ಲಿ ಹೇಳಬೇಕು. ಚಿತ್ರ ಕಪ್ಪು ಬಿಳುಪಿನದಾದರೂ ಪೋಸ್ಟರ್ ಬಣ್ಣದ್ದಾಗಿರುತ್ತಿತ್ತು. ಕಲಾವಿದ ಸ್ಟಿಲ್ ಫೋಟೋ ಎದುರಿಗಿಟ್ಟುಕೊಂಡು ಮುಖ ಬರೆದು, ಕೆನ್ನೆಗೆ ಕೆಂಪು, ಕೇಡಿಯ ಮುಖಕ್ಕೆ ನೀಲಿ ಅಥವಾ ಹಸಿರು ತಾನೇ ಆರಿಸಿ ಹಚ್ಚುತ್ತಿದ್ದ. ಕ್ಯಾಮೆರಾ ಕೊಡದ ಬಣ್ಣವನ್ನು ಅವನು ಪಾತ್ರದ ಗುಣ ನೋಡಿ ಕೊಡುತ್ತಿದ್ದ. ಆದ್ದರಿಂದ ಅಂದಿನ ಪೋಸ್ಟರನ್ನು ಜಾಹೀರಾತು ಎಂದಷ್ಟೇ ಕರೆದರೆ ಸಾಲದು. ಚಿತ್ರವನ್ನು ಅರ್ಥ ಮಾಡಿಕೊಂಡ ಮೊದಲ ವಿಮರ್ಶಕ ಆ ಕಲಾವಿದನೇ. ಅವರಲ್ಲಿ ಹೆಚ್ಚಿನವರ ಹೆಸರು ಇಂದು ನಮಗೆ ಸಿಗುವುದಿಲ್ಲ ಎಂಬುದು ದೊಡ್ಡ ಅನ್ಯಾಯ.

ಎಪ್ಪತ್ತರ ದಶಕದ ಕೊನೆಗೆ ಮಕ್ಕಳು ಗುಂಪಾಗಿ ಬಂದರು. 1979ರಲ್ಲಿ ಗೀತಪ್ರಿಯ ಅವರ 'ಪುಟಾಣಿ ಏಜೆಂಟ್ 123', ವಾದಿರಾಜರ 'ದಂಗೆಯೆದ್ದ ಮಕ್ಕಳು'. 1980ರಲ್ಲಿ ನಟಿ ಲಕ್ಷ್ಮಿ ನಿರ್ದೇಶಿಸಿದ 'ಮಕ್ಕಳ ಸೈನ್ಯ'. 1981ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ 'ಸಿಂಹದ ಮರಿ ಸೈನ್ಯ'. ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ: ಏಜೆಂಟ್, ದಂಗೆ, ಸೈನ್ಯ, ಮತ್ತೆ ಸೈನ್ಯ. ಕೈಮುಗಿದು ನಿಂತಿದ್ದ ಮಗು ಈಗ ಸೊಂಟಕ್ಕೆ ಕೈಯಿಟ್ಟು ನಿಂತಿತು. ಪೋಸ್ಟರ್ ಕಲಾವಿದನಿಗೆ ಇದರಿಂದ ಹೊಸ ಸಮಸ್ಯೆಯೂ ಎದುರಾಯಿತು. ಒಂದೇ ಹಾಳೆಯಲ್ಲಿ ಅಷ್ಟು ಮಕ್ಕಳನ್ನು ಬೇರೆ ಬೇರೆ ವ್ಯಕ್ತಿಗಳಾಗಿ ತೋರಿಸುವುದು ಹೇಗೆ? ಸಿಕ್ಕ ಸುಲಭದ ಉಪಾಯ ಗುರುತು ಅಂಟಿಸುವುದು: ಒಬ್ಬನಿಗೆ ಟೋಪಿ, ಒಬ್ಬನಿಗೆ ದಪ್ಪ ಕನ್ನಡಕ, ಒಬ್ಬ ಡುಮ್ಮ, ಒಬ್ಬಳಿಗೆ ಎರಡು ಜಡೆ. ಈ ಉಪಾಯ ಬೇಗ ಫಲ ಕೊಡುತ್ತದೆ, ನಿಜ. ಆದರೆ ಡುಮ್ಮನೆಂದರೆ ನಗೆ, ಕನ್ನಡಕವೆಂದರೆ ಬುದ್ಧಿ ಎಂಬ ಲೆಕ್ಕವನ್ನು ಅದು ಮಕ್ಕಳಿಗೆ ಸಿನಿಮಾಕ್ಕೆ ಮೊದಲೇ ಕಲಿಸಿಬಿಡುತ್ತದೆ. ಇದು ಸೋಮಾರಿತನ ಎಂದೇ ನನ್ನ ತೀರ್ಮಾನ.

ಅದಕ್ಕೂ ಮೊದಲಿನಿಂದಲೇ ಬಂಗಾಳದಲ್ಲಿ ಸತ್ಯಜಿತ್ ರಾಯ್ ತಮ್ಮ ಚಿತ್ರಗಳ ಪೋಸ್ಟರುಗಳನ್ನು ತಾವೇ ರಚಿಸುತ್ತಿದ್ದರು. 'ಸಂದೇಶ್' ಎಂಬ ಮಕ್ಕಳ ಪತ್ರಿಕೆಗೆ ಚಿತ್ರ ಬರೆದು ಪಳಗಿದ ಕೈ ಅದು. ಪುಸ್ತಕದ ಚಿತ್ರ, ಅಕ್ಷರ, ಸಿನಿಮಾ ಮೂರೂ ಒಂದೇ ಮನಸ್ಸಿನಿಂದ ಬಂದದ್ದು 'ಗೂಪಿ ಗಾಯ್ನೆ ಬಾಘಾ ಬಾಯ್ನೆ'ಗೆ ಸಿಕ್ಕ ಭಾಗ್ಯ. ನಮಗೆ ಅದಕ್ಕೆ ಹತ್ತಿರದ್ದು ಸಿಕ್ಕಿದ್ದು ಸಿನಿಮಾದಲ್ಲಲ್ಲ, ದೂರದರ್ಶನದಲ್ಲಿ. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್'ಗೆ ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್. ಕೆ. ಲಕ್ಷ್ಮಣ್ ರೇಖೆಗಳನ್ನು ಬರೆದುಕೊಟ್ಟರು. ಆ ಧಾರಾವಾಹಿಯ ಹುಡುಗ ಸ್ವಾಮಿಯನ್ನು ಚೆಂದ ಮಾಡಲು ಆ ರೇಖೆ ಒಂದಿಷ್ಟೂ ಒದ್ದಾಡುವುದಿಲ್ಲ. ಕೆದರಿದ ಕೂದಲು, ಹೊಂದದ ಚಡ್ಡಿ, ಸ್ವಲ್ಪ ಹೆದರಿಕೆ, ಅಷ್ಟೇ ಪುಂಡಾಟಿಕೆ. ಮಗು ನಮ್ಮನ್ನು ಮೆಚ್ಚಿಸಲು ನಿಂತಿಲ್ಲ, ಹಾಗಾಗಿಯೇ ನಾವು ಅದನ್ನು ನಂಬುತ್ತೇವೆ.

1985ರ 'ಬೆಟ್ಟದ ಹೂವು' ಬಂದಾಗ ಪುನೀತ್ ನಾಡಿಗೆಲ್ಲ ಗೊತ್ತಿದ್ದ ಮುಖ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಈ ಚಿತ್ರದ ಅಭಿನಯಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಜನಪ್ರಿಯ ಮುಖವಿದ್ದರೆ ಪೋಸ್ಟರಿಗೆ ಬೇರೇನೂ ಬೇಡ ಎಂದುಕೊಳ್ಳುವುದು ಸಹಜ. ಆದರೆ ಕಥೆಯೊಳಗೇ ಎಂಥ ವಸ್ತುಗಳಿವೆ ನೋಡಿ. ಬೆಟ್ಟ ಹತ್ತಿ ಹೂ ತಂದು ಮಾರುವ ಬಡ ಹುಡುಗ ರಾಮುವಿಗೆ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳುವ ಆಸೆ; ಕೊನೆಗೆ ಆ ದುಡ್ಡು ಮನೆಯವರಿಗೆ ಕಂಬಳಿಯಾಗುತ್ತದೆ. ಹೂವು, ಪುಸ್ತಕ, ಕಂಬಳಿ. ಮಗುವಿನ ಕೈಯಲ್ಲಿ ಇವುಗಳಲ್ಲಿ ಯಾವುದನ್ನಿಡಬೇಕು ಎಂದು ತೀರ್ಮಾನಿಸುವುದೆಂದರೆ ಕಥೆಯನ್ನು ಎಷ್ಟು ಬಿಟ್ಟುಕೊಡಬೇಕು ಎಂದು ತೀರ್ಮಾನಿಸುವುದೇ. ಹೂವು ಹಿಡಿದರೆ ಆಸೆ, ಪುಸ್ತಕ ಹಿಡಿದರೆ ಗುರಿ, ಕಂಬಳಿ ಹೊದ್ದರೆ ತ್ಯಾಗ. ಒಳ್ಳೆಯ ವಿನ್ಯಾಸಕಾರ ಮೂರನೆಯದನ್ನು ಮುಚ್ಚಿಡುತ್ತಾನೆ.

ಮುಚ್ಚಿಡುವ ಈ ಜಾಣ್ಮೆಗೆ ಹೊರಗಿನ ಎರಡು ಉದಾಹರಣೆ ಕೊಡಬೇಕು. 1982ರ 'ಇ.ಟಿ.' ಚಿತ್ರಕ್ಕೆ ಜಾನ್ ಆಲ್ವಿನ್ ಬರೆದ ಪೋಸ್ಟರಿನಲ್ಲಿ ಅನ್ಯಲೋಕದ ಜೀವಿಯ ಮುಖವೇ ಇಲ್ಲ. ಅದರ ಬೆರಳು ಮಗುವಿನ ಬೆರಳನ್ನು ಮುಟ್ಟುತ್ತದೆ, ಅಷ್ಟೇ. ಮೈಕೆಲೆಂಜೆಲೊ ಬರೆದ ಆದಾಮನ ಸೃಷ್ಟಿಯ ಚಿತ್ರ ಅದರ ಹಿಂದಿದೆ. 1988ರ ಜಪಾನಿ ಚಿತ್ರ 'ಮೈ ನೇಬರ್ ಟೊಟೊರೊ' ಪೋಸ್ಟರಿನಲ್ಲಿ ಮಳೆಯ ಬಸ್‌ಸ್ಟಾಪಿನಲ್ಲಿ ಟೊಟೊರೊ ಪಕ್ಕ ಒಬ್ಬಳೇ ಹುಡುಗಿ ನಿಂತಿದ್ದಾಳೆ. ಚಿತ್ರದಲ್ಲಿರುವುದು ಅಕ್ಕ ತಂಗಿ ಇಬ್ಬರು. ಪೋಸ್ಟರಿನ ಹುಡುಗಿಯಲ್ಲಿ ಅವರಿಬ್ಬರ ಚಹರೆಯೂ ಬೆರೆತಿದೆ. ಇಬ್ಬರನ್ನೂ ನಿಲ್ಲಿಸಿದ್ದರೆ ಅದು ಕುಟುಂಬದ ಚಿತ್ರವಾಗುತ್ತಿತ್ತು. ಒಬ್ಬಳೇ ನಿಂತಾಗ ಆ ದೈತ್ಯ ಅವಳ ಗುಟ್ಟಾಗುತ್ತಾನೆ.

1989ರಲ್ಲಿ ಕೆ. ಎಸ್. ಎಲ್. ಸ್ವಾಮಿ ಅವರ 'ಜಂಬೂಸವಾರಿ' ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ನಾಲ್ಕು ವರ್ಷದ ಬಳಿಕ ಟಿ. ಎಸ್. ನಾಗಾಭರಣ 'ಚಿನ್ನಾರಿ ಮುತ್ತ' ಕೊಟ್ಟರು. ಅದರಲ್ಲಿ ಓಟಗಾರನಾಗುವ ಹಳ್ಳಿ ಹುಡುಗ ಮುತ್ತನಾದದ್ದು ಬಾಲಕ ವಿಜಯ್ ರಾಘವೇಂದ್ರ. ಓಡುವ ಮಗು ಪೋಸ್ಟರಿಗೆ ವರ. ನಿಂತ ಮಗುವಿಗೆ ಮುಖದಿಂದ ಗುಣ ಬರಬೇಕು. ಓಡುವ ಮಗುವಿನ ಕಾಲು, ಮುಷ್ಟಿ, ಬೆವರು ಎಲ್ಲವೂ ಮಾತಾಡುತ್ತವೆ. ಮರುವರ್ಷ ನಾಗತಿಹಳ್ಳಿ ಚಂದ್ರಶೇಖರ್ ಅವರ 'ಕೊಟ್ರೇಶಿ ಕನಸು' ಅದೇ ವಿಜಯ್ ರಾಘವೇಂದ್ರನನ್ನು ಓದುವ ಹಂಬಲದ ದಲಿತ ಹುಡುಗನಾಗಿಸಿತು. ಒಂದೇ ಮುಖ, ಎರಡು ಹಸಿವು. ಅಷ್ಟರಲ್ಲಿ ಆಫ್‌ಸೆಟ್ ಮುದ್ರಣ, ಆಮೇಲೆ ಕಂಪ್ಯೂಟರ್ ಬಂದು ಕುಂಚದ ಕೆಲಸ ನಿಂತಿತು. ಫೋಟೋಗಳನ್ನು ಕತ್ತರಿಸಿ ಜೋಡಿಸುವುದೇ ವಿನ್ಯಾಸವಾಯಿತು.

ಹೊಸ ಶತಮಾನದ ಮೊದಲ ದಶಕ ಪ್ರಶಸ್ತಿಗಳದು. ಕಿಶನ್ ಶ್ರೀಕಾಂತ್ ಬಾಲಕನಾಗಿದ್ದಾಗಲೇ ನಿರ್ದೇಶಿಸಿದ 'ಕೇರಾಫ್ ಫುಟ್‌ಪಾತ್', ಅಭಯ ಸಿಂಹರ 'ಗುಬ್ಬಚ್ಚಿಗಳು', ರಾಮಚಂದ್ರ ಪಿ. ಎನ್. ಅವರ 'ಪುಟಾಣಿ ಪಾರ್ಟಿ' ಮೂರಕ್ಕೂ ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಆದರೆ ಇಂಥ ಚಿತ್ರಗಳು ಚಿತ್ರೋತ್ಸವಗಳನ್ನು ಸುತ್ತಿದಷ್ಟು ನಮ್ಮ ತಾಲ್ಲೂಕುಗಳನ್ನು ಸುತ್ತಲಿಲ್ಲ. ಪೋಸ್ಟರಿನ ಓದುಗ ಬದಲಾದ. ಆ ಹಾಳೆ ಈಗ ಮಾತಾಡುತ್ತಿದ್ದುದು ತೀರ್ಪುಗಾರರೊಂದಿಗೆ: ತಣ್ಣನೆಯ ಬಣ್ಣ, ಖಾಲಿ ಜಾಗ, ಎರಡು ಎಲೆಗಳ ನಡುವೆ ಪ್ರಶಸ್ತಿಯ ಹೆಸರು. ಸೊಗಸಾಗಿದ್ದವು, ಹೌದು. ಬಿಳಿಗೆರೆಯ ಗೋಡೆಗೆ ಅವು ಬರಲೇ ಇಲ್ಲ.

ಆ ಗೋಡೆಗೆ ಮರಳಿ ಬಂದದ್ದು 2018ರಲ್ಲಿ, ರಿಷಬ್ ಶೆಟ್ಟಿ ಅವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ'. ಈ ಹೆಸರು ಶಾಲೆಯ ಹೆಸರುಹಲಗೆಯ ಮಾತು. ನಮ್ಮ ಹಳ್ಳಿ ಶಾಲೆಗಳ ಫ್ಯಾನು, ಬೀರು, ನೀರಿನ ತೊಟ್ಟಿಗಳ ಮೇಲೆಲ್ಲ 'ಕೊಡುಗೆ' ಎಂದು ಬರೆದು ದಾನಿಯ ಹೆಸರು ಹಾಕಿರುತ್ತಾರೆ. ಹಾಗಾಗಿ ಹೆಸರು ಓದಿದೊಡನೆ ಓದುಗ ಶಾಲೆಯ ಅಂಗಳದಲ್ಲಿರುತ್ತಾನೆ. ಚಿತ್ರ ಬರೆಯುವ ಮೊದಲೇ ಅಕ್ಷರ ಜಾಗವನ್ನು ಕಟ್ಟಿಕೊಟ್ಟಿರುತ್ತದೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡ ಶಾಲೆಯೊಂದು ಮುಚ್ಚುವ ಕಥೆಗೆ ಕನ್ನಡದ ಫಲಕವೇ ನಾಯಕ. ಅನಂತನಾಗ್ ಇದ್ದರೂ ಇದು ಮಕ್ಕಳ ಗುಂಪಿನ ಚಿತ್ರವಾಗಿಯೇ ಜನರಿಗೆ ತಲುಪಿತು. ಅದೇ ವರ್ಷ ಡಿ. ಸತ್ಯಪ್ರಕಾಶರ 'ಒಂದಲ್ಲಾ ಎರಡಲ್ಲಾ' ಬಂತು: ಕಳೆದುಹೋದ ಹಸು, ಅದನ್ನು ಹುಡುಕುವ ಪುಟ್ಟ ಸಮೀರ. ಹುಡುಗ ಮತ್ತು ಹಸು ಎಂಬ ಎರಡೇ ಆಕಾರದಲ್ಲಿ ಅಕ್ಕರೆಯೂ ಬಂತು, ದೇಶದ ಒಂದು ಚರ್ಚೆಯೂ ಬಂತು. ಕನ್ನಡ ಮಕ್ಕಳ ಚಿತ್ರಗಳ ದೃಶ್ಯಭಾಷೆಗೆ 2018 ಅತ್ಯುತ್ತಮ ವರ್ಷ ಎಂದು ನಾನು ನಂಬುತ್ತೇನೆ.

ಈಗ ಪೋಸ್ಟರ್ ಫೋನಿನೊಳಗೆ ಹೆಬ್ಬೆರಳಿನಗಲಕ್ಕೆ ಇಳಿದಿದೆ. ಅಷ್ಟು ಚಿಕ್ಕ ಜಾಗದಲ್ಲಿ ಒಂದು ದೊಡ್ಡ ಮುಖ ಮಾತ್ರ ಕಾಣುತ್ತದೆ. ಕೈಯಲ್ಲಿನ ವಸ್ತು, ಹಿಂದಿನ ಊರು, ಅಕ್ಷರದ ಬಾಗುಬಳುಕು ಕಾಣೆಯಾಗುತ್ತವೆ. ಹಳೆಯ ಹಾಳೆಗಳೂ ಬೇಗ ಕಳೆದುಹೋಗುತ್ತಿವೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪೋಸ್ಟರ್, ಹಾಡಿನ ಪುಸ್ತಕಗಳನ್ನು ಕಾಪಾಡುತ್ತಿದೆ, ಆದರೆ ಹಳ್ಳಿಯ ಅಟ್ಟದ ಮೇಲಿರುವುದು ತಾನಾಗಿ ಅಲ್ಲಿಗೆ ಹೋಗದು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯ ವಿದ್ಯಾರ್ಥಿಗಳು ನಂಜನಗೂಡು, ನರಸೀಪುರ ಸೀಮೆಯ ಹಳೆಯ ಪೋಸ್ಟರುಗಳನ್ನು, ಅವನ್ನು ಬರೆದ, ಅಂಟಿಸಿದ ಕೈಗಳ ನೆನಪುಗಳನ್ನು ದಾಖಲಿಸಲು ಮುಂದಾಗಲಿ. ನಿಮ್ಮ ಮನೆಯ ಟ್ರಂಕಿನಲ್ಲಿ ಮಕ್ಕಳ ಸಿನಿಮಾದ ಒಂದು ಕರಪತ್ರವೋ ಹಾಡಿನ ಪುಸ್ತಕವೋ ಇದ್ದರೆ ರದ್ದಿಗೆ ಹಾಕಬೇಡಿ. ಬೆಳಕಿನಲ್ಲಿಟ್ಟು ಒಂದು ಫೋಟೋ ತೆಗೆಯಿರಿ, ಹಿಂದೆ ಊರು ಮತ್ತು ವರ್ಷ ಬರೆದಿಡಿ.