ಸೆಂಟ್ರಲ್‌ನಿಂದ ಎಗ್ಮೋರ್‌ಗೆ ಎರಡು ಕಿಲೋಮೀಟರ್

ಕಾಶಿಗೆ ಹೋಗಿ, ಗಂಗೆಯ ತಂಬಿಗೆ ಹಿಡಿದು, ರಾಮೇಶ್ವರಕ್ಕೆ ಹೊರಟ ಹಿರಿಯರ ಕಥೆ ಕನ್ನಡನಾಡಿನ ಎಷ್ಟೋ ಹಳೆಯ ಮನೆಗಳಲ್ಲಿ ಇದೆ. ಅವರಲ್ಲಿ ಮದ್ರಾಸಿನ ಮೇಲೆ ರೈಲಿನಲ್ಲಿ ಹೋದವರಿಗೆ ಒಂದು ತೊಡಕು ಎದುರಾಗುತ್ತಿತ್ತು. ಉತ್ತರದಿಂದ ಬಂದ ರೈಲು ಸೆಂಟ್ರಲ್ ನಿಲ್ದಾಣದಲ್ಲಿ ನಿಲ್ಲುತ್ತಿತ್ತು. ರಾಮೇಶ್ವರದ ಕಡೆಯ ರೈಲು ಎಗ್ಮೋರ್‌ನಿಂದ ಹೊರಡುತ್ತಿತ್ತು. ನಡುವೆ ಸುಮಾರು ಎರಡು ಕಿಲೋಮೀಟರ್. ದೇಶದ ಅರ್ಧವನ್ನು ಹಳಿಯ ಮೇಲೆ ದಾಟಿ ಬಂದವರು ಈ ಎರಡು ಕಿಲೋಮೀಟರ್‌ಗಾಗಿ ಗಂಟುಮೂಟೆ ಹೊತ್ತು ಬೀದಿಗೆ ಇಳಿಯಬೇಕಿತ್ತು.

ಎಗ್ಮೋರ್‌ನ ವಾಹನ ದಟ್ಟಣೆಯ ಚರಿತ್ರೆಯನ್ನು ಈ ಎರಡು ಕಿಲೋಮೀಟರ್‌ನಿಂದ ಓದಲು ತೊಡಗಬಹುದು. ದಟ್ಟಣೆ ಎಂದರೆ ಜನ ಹೆಚ್ಚಾದದ್ದರ ಫಲ, ಚಾಲಕರ ಅಶಿಸ್ತಿನ ಫಲ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಬೇರೆಯವರು ಅರ್ಧಕ್ಕೆ ಬಿಟ್ಟ ಕೆಲಸವೂ ಕೊನೆಗೆ ರಸ್ತೆಯ ತಲೆಗೇ ಬರುತ್ತದೆ.

ಸೆಂಟ್ರಲ್ ನಿಲ್ದಾಣ 1873ರದು, ಮದ್ರಾಸ್ ರೈಲ್ವೆ ಕಂಪನಿಯದು. ಅದರ ಹಳಿಗಳ ನಡುವಿನ ಅಗಲ 1,676 ಮಿಲಿಮೀಟರ್. ತೆಂಕಣಕ್ಕೆ ಹೋಗುತ್ತಿದ್ದ ಸೌತ್ ಇಂಡಿಯನ್ ರೈಲ್ವೆಯದು ಮೀಟರ್ ಗೇಜ್, ಅಂದರೆ 1,000 ಮಿಲಿಮೀಟರ್. ಒಂದರ ಬಂಡಿ ಇನ್ನೊಂದರ ಮೇಲೆ ಓಡುವಂತಿರಲಿಲ್ಲ. ಸೌತ್ ಇಂಡಿಯನ್ ರೈಲ್ವೆ 1908ರಲ್ಲಿ ಎಗ್ಮೋರ್‌ನಲ್ಲಿ ತನ್ನದೇ ದೊಡ್ಡ ನಿಲ್ದಾಣ ತೆರೆಯಿತು. ಅದರ ವಿನ್ಯಾಸ ಹೆನ್ರಿ ಇರ್ವಿನ್ನರದು. ಮೈಸೂರಿನ ಅಂಬಾವಿಲಾಸ ಅರಮನೆಯ ನಕ್ಷೆ ಬರೆದವರೂ ಅವರೇ. ನಿಲ್ದಾಣದ ಎದುರಿನ ಗಾಂಧಿ ಇರ್ವಿನ್ ರಸ್ತೆಯ ಹೆಸರಿನಲ್ಲಿರುವುದು ಮಾತ್ರ ಅವರಲ್ಲ, 1931ರ ಒಪ್ಪಂದದ ವೈಸರಾಯ್ ಇರ್ವಿನ್.

1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಎಗ್ಮೋರ್‌ನಿಂದ ಧನುಷ್ಕೋಡಿಗೆ ಬೋಟ್ ಮೇಲ್ ಓಡಿತು. ಅಲ್ಲಿಂದ ಹಡಗಿನಲ್ಲಿ ಸಿಲೋನಿಗೆ ಹೋಗಬಹುದಿತ್ತು. 1964ರ ಚಂಡಮಾರುತ ಧನುಷ್ಕೋಡಿಯನ್ನು ಅಳಿಸುವವರೆಗೂ ಈ ದಾರಿ ನಡೆಯಿತು. ಯಾತ್ರಿಕರ ಜೊತೆಗೆ ವ್ಯಾಪಾರಿಗಳು, ಕೂಲಿಕಾರರು ಸೇರಿದರು. 1931ರಲ್ಲಿ ಬೀಚ್–ತಾಂಬರಂ ಮಾರ್ಗಕ್ಕೆ ವಿದ್ಯುತ್ ರೈಲು ಬಂತು. ಪಾರ್ಕ್ ನಿಲ್ದಾಣದಿಂದ ಎಗ್ಮೋರ್ ಒಂದೇ ನಿಲುಗಡೆ. ಆದರೆ ಸೆಂಟ್ರಲ್‌ನಲ್ಲಿ ಇಳಿದವರು ಪಾರ್ಕ್ ಮುಟ್ಟಬೇಕಾದರೆ ಪೂನಮಲ್ಲಿ ಹೈರೋಡನ್ನು ದಾಟಬೇಕು. ಕೈಯಲ್ಲಿ ಮಗು, ತಲೆಯ ಮೇಲೆ ಟ್ರಂಕು, ಜೊತೆಗೆ ವಯಸ್ಸಾದ ತಾಯಿ ಇದ್ದರೆ ಜಟಕಾವೋ ರಿಕ್ಷಾವೋ ಬೇಕು. ಮನುಷ್ಯ ಎಳೆಯುವ ರಿಕ್ಷಾ ತಮಿಳುನಾಡಿನಲ್ಲಿ 1973ರಲ್ಲಿ ನಿಂತಿತು.

ಈ ಹೊರೆಯಲ್ಲಿ ಒಂದು ಪಾಲನ್ನು ಹೊರಬಲ್ಲ ವ್ಯವಸ್ಥೆ ನಗರದಲ್ಲಿ ಇತ್ತು. ಮದ್ರಾಸಿನಲ್ಲಿ ವಿದ್ಯುತ್ ಟ್ರಾಮ್ 1895ರಲ್ಲೇ ಓಡಿತ್ತು. 1921ರಲ್ಲಿ 24 ಕಿಲೋಮೀಟರ್ ಹಳಿಯ ಮೇಲೆ 97 ಟ್ರಾಮ್‌ಗಳಿದ್ದವು. ಪೂನಮಲ್ಲಿ ರಸ್ತೆಯಲ್ಲೂ ಓಡುತ್ತಿದ್ದವು. ಕಂಪನಿ ದಿವಾಳಿಯಾಗಿ 1953ರ ಏಪ್ರಿಲ್ 12ರಂದು ಟ್ರಾಮ್ ನಿಂತಿತು. ಮುಂದೆ ಬಸ್ಸಿನ ಜೊತೆಗೆ ಸ್ಕೂಟರು, ಆಟೋ, ಕಾರುಗಳು ಬೀದಿ ತುಂಬಿದವು. ಒಂದು ಟ್ರಾಮಿನಲ್ಲಿ ಹೋಗುತ್ತಿದ್ದ ಹತ್ತಾರು ಮಂದಿ ಬೇರೆಬೇರೆ ವಾಹನಗಳಲ್ಲಿ ಹೊರಟರೆ ಅದೇ ಬೀದಿ ಸಾಲದು.

ಎಗ್ಮೋರ್‌ಗೆ ಬರುವವರು ರೈಲಿನವರು ಮಾತ್ರವೂ ಅಲ್ಲ. 1819ರಲ್ಲಿ ಆರಂಭವಾದ ಕಣ್ಣಾಸ್ಪತ್ರೆ, ಹೆರಿಗೆ ಆಸ್ಪತ್ರೆ, ಮಕ್ಕಳ ಆಸ್ಪತ್ರೆ, ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳು, ವಸ್ತುಸಂಗ್ರಹಾಲಯ, ಕನ್ನೆಮರಾ ಗ್ರಂಥಾಲಯ ಎಲ್ಲವೂ ಅಲ್ಲೇ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು, ತುಂಬು ಗರ್ಭಿಣಿಯರು, ಕೇಸಿನ ಕಾಗದ ಹಿಡಿದವರು, ಪರೀಕ್ಷೆಗೆ ಓದುವ ಹುಡುಗರು ಅಲ್ಲಿ ರಸ್ತೆ ದಾಟುತ್ತಾರೆ. ಇವರಲ್ಲಿ ಹೆಚ್ಚಿನವರು ಓಡಿ ದಾಟಬಲ್ಲವರಲ್ಲ.

ಎಗ್ಮೋರ್ ನಿಲ್ದಾಣಕ್ಕೆ ಒಂದು ಹೆಸರುವಾಸಿ ಸೌಲಭ್ಯವಿತ್ತು: ಕಾರು ನೇರವಾಗಿ ಪ್ಲಾಟ್‌ಫಾರಂ ಪಕ್ಕಕ್ಕೇ ಬಂದು ನಿಲ್ಲಬಹುದಿತ್ತು. ವಾಹನದಲ್ಲಿ ಬಂದವರಿಗೆ ರೈಲಿನ ಬಾಗಿಲವರೆಗೂ ದಾರಿ. ನಡೆದು ಬಂದವರಿಗೆ ಅಂಥ ಸಲೀಸು ಹೊರಗಿನ ಬೀದಿಯಲ್ಲಿ ಇರಲಿಲ್ಲ. ಕಾನೂನು ಹೇಳುವುದು ಬೇರೆ. 1989ರ ರಸ್ತೆ ನಿಯಮಗಳ ಪ್ರಕಾರ, ಸಿಗ್ನಲ್ ಅಥವಾ ಪೊಲೀಸರಿಲ್ಲದ ಪಾದಚಾರಿ ದಾಟುಪಟ್ಟಿಯಲ್ಲಿ ಮೊದಲ ಹಕ್ಕು ನಡೆಯುವವರದಾಗಿತ್ತು. ಫುಟ್‌ಪಾತ್ ಮೇಲೆ ವಾಹನ ಹತ್ತಿಸುವಂತಿಲ್ಲ. 2017ರ ಚಾಲನಾ ನಿಯಮಗಳೂ ಪಾದಚಾರಿಗೆ ದಾರಿ ಬಿಡುವ ಹೊಣೆಯನ್ನು ಚಾಲಕರ ಮೇಲೆ ಹೊರಿಸಿವೆ. ಇದರ ಹಿಂದೆ ಸರಳ ಲೆಕ್ಕವಿದೆ. ವೇಗ 30ರಿಂದ 60 ಕಿಲೋಮೀಟರ್‌ಗೆ ಏರಿದರೆ, ಬ್ರೇಕ್ ಹಿಡಿದ ಮೇಲೆ ವಾಹನ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಹಾರ್ನ್ ಹಾಕಿದರೆ ಆ ದೂರ ಕಡಿಮೆಯಾಗುವುದಿಲ್ಲ.

ತಮಿಳುನಾಡಿನಲ್ಲಿ ರಸ್ತೆ ಅಪಘಾತಗಳಿಂದ 2016ರಲ್ಲಿ 17,218 ಮಂದಿ ಸತ್ತರು. 2019ರಲ್ಲಿ ಈ ಸಂಖ್ಯೆ 10,525ಕ್ಕೆ ಇಳಿಯಿತು. 2023ರಲ್ಲಿ ಮತ್ತೆ 18,347ಕ್ಕೆ ಏರಿತು. ಸಾವು ಹಣೆಬರಹವಾಗಿದ್ದರೆ ಮೂರು ವರ್ಷಗಳಲ್ಲಿ ಇಷ್ಟು ಇಳಿಯುತ್ತಿರಲಿಲ್ಲ. ಇಳಿದದ್ದು ತಾನಾಗಿ ಇಳಿದೇ ಇರುವುದೂ ಇಲ್ಲ.

ತಿದ್ದುವ ಕೆಲಸವೂ ಆಗಿದೆ. ಚೆನ್ನೈ ಮಹಾನಗರ ಪಾಲಿಕೆ 2014ರಲ್ಲಿ ನಡಿಗೆ ಮತ್ತು ಸೈಕಲ್‌ಗೆ ಆದ್ಯತೆ ನೀಡುವ ನೀತಿಯನ್ನು ಒಪ್ಪಿಕೊಂಡಿತು. ಸಾರಿಗೆ ಬಜೆಟ್ಟಿನ ಕನಿಷ್ಠ ಶೇ. 60 ಅದಕ್ಕೇ ಮೀಸಲು ಎಂದಿತು. ಮೀಟರ್ ಗೇಜ್ ಹೋಗಿ ಎಗ್ಮೋರ್‌ನ ಹಳಿಗಳೂ ಅಗಲವಾದವು. ಮುಂದೆ ಎಗ್ಮೋರ್‌ಗೂ ಮಂಗಳೂರಿಗೂ ನೇರ ರೈಲು ಬಂತು. 2018ರ ಮೇ 25ರಂದು ಮೆಟ್ರೊ ಓಡಿತು. ಈಗ ಸೆಂಟ್ರಲ್‌ನಲ್ಲಿ ಹತ್ತಿದರೆ ಮುಂದಿನ ನಿಲ್ದಾಣವೇ ಎಗ್ಮೋರ್. 1908ರಲ್ಲಿ ಬೀದಿಗೆ ಬಿದ್ದ ಹೊರೆಯನ್ನು ನೆಲದಡಿಗೆ ಇಳಿಸಲು 110 ವರ್ಷ ಬೇಕಾಯಿತು.

ಆದರೂ ಮೆಟ್ರೊದಿಂದ ಮೇಲೆ ಬಂದವರು ಕಣ್ಣಾಸ್ಪತ್ರೆಗೋ ಕೋರ್ಟಿಗೋ ಹೋಗಬೇಕಾದರೆ ಇಂದಿಗೂ ರಸ್ತೆ ದಾಟಲೇಬೇಕು. ಆ ಕೊನೆಯ ಹತ್ತು ಮೀಟರ್ ಅನ್ನು ಯಾವ ಸುರಂಗವೂ ತೀರಿಸುವುದಿಲ್ಲ. ಅಲ್ಲಿ ಬ್ರೇಕಿನ ಮೇಲೆ ಕಾಲಿಡಬೇಕಾದವರು ಚಾಲಕರೇ.