ನೆಲಸೇಬು, ನೆಲನೆಲ್ಲಿ

ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಈಗ ಕಾಫಿಪುಡಿಯ ಪಕ್ಕದಲ್ಲೇ ‘ಕ್ಯಾಮೊಮೈಲ್’ ಹೂವಿನ ಚಹಾ ಪೊಟ್ಟಣಗಳೂ ಸಿಗುತ್ತವೆ. ನಿದ್ದೆ ಬಾರದವರಿಗೆ, ಹೊಟ್ಟೆ ಕೆಟ್ಟವರಿಗೆ ಯುರೋಪಿನ ಮನೆಗಳಲ್ಲಿ ಕೊಡುವ ಹಳೆಯ ಮನೆಮದ್ದು ಇದು. ಹೆಸರು ಗ್ರೀಕ್ ಮೂಲದ್ದು. ‘ಖಮಾಯ್’ ಎಂದರೆ ನೆಲದ ಮೇಲೆ, ‘ಮೇಲೋನ್’ ಎಂದರೆ ಸೇಬು. ಹೂವಿಗೆ ಸೇಬಿನ ವಾಸನೆ ಇರುವುದರಿಂದ ಈ ಹೆಸರು ಬಂತೆಂದು ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಕನ್ನಡದಲ್ಲಿ ಹೇಳುವುದಾದರೆ ‘ನೆಲಸೇಬು’. (ನಮ್ಮ ‘ಕಾಮಾಲೆ’ಗೂ ಈ ಪದಕ್ಕೂ ಸಂಬಂಧವಿಲ್ಲ, ಅದು ಸಂಸ್ಕೃತದಿಂದ ಬಂದದ್ದು.)

ಹೀಗೆ ಹೆಸರಿಡುವುದು ನಮಗೇನೂ ಹೊಸದಲ್ಲ. ನೆಲಬೇವು, ನೆಲಸಂಪಿಗೆ, ನೆಲಗಡಲೆ ಇಲ್ಲವೇ? ಮಲೆನಾಡಿನಲ್ಲಿ ಹೆಚ್ಚು ಮನೆಮಾತಾಗಿರುವುದು ನೆಲನೆಲ್ಲಿ. ಮೂಡಿಗೆರೆ, ಕಳಸದ ಕಡೆ ಮಳೆ ಹಿಡಿದ ಮೇಲೆ ಕಣದ ಅಂಚಿನಲ್ಲಿ, ಹಿತ್ತಿಲಿನಲ್ಲಿ ಗೇಣುದ್ದ ಬೆಳೆಯುವ ಕಳೆ. ಎಲೆಸಾಲು ಥೇಟ್ ನೆಲ್ಲಿಮರದ್ದೇ. ಅದರ ಅಡಿಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಕಾಯಿಗಳು. ಕಾಮಾಲೆಯಾದವರಿಗೆ ಗಿಡವನ್ನು ಬೇರುಸಹಿತ ಅರೆದು ಹಾಲು ಅಥವಾ ಮಜ್ಜಿಗೆಯಲ್ಲಿ ಕೊಡುವುದು ವಾಡಿಕೆ.

ಹೆಸರಿಟ್ಟವರ ಕಣ್ಣು ಬಲು ಚುರುಕು. ಕ್ಯಾಮೊಮೈಲ್ ಸೇವಂತಿಗೆಯ ಕುಟುಂಬಕ್ಕೆ ಸೇರಿದ್ದು, ಸೇಬಿಗೂ ಅದಕ್ಕೂ ನಂಟಿಲ್ಲ. ಬೇವಿಗೂ ನೆಲಬೇವಿಗೂ ಇರುವ ಸಂಬಂಧ ಕಹಿಯದು ಮಾತ್ರ. ಆದರೆ ನೆಲ್ಲಿಮರ, ನೆಲನೆಲ್ಲಿ ಎರಡನ್ನೂ ಸಸ್ಯಶಾಸ್ತ್ರ ‘ಫಿಲಾಂಥಸ್’ ಎಂಬ ಒಂದೇ ಕುಲದಲ್ಲಿ ಇರಿಸಿದೆ.

ತೊಡಕು ಬರುವುದು ಬೇರೆ ಕಡೆ. ಆ ಕುಲದಲ್ಲಿ ಒಂದನ್ನೊಂದು ಹೋಲುವ ಕಿರುಗಿಡಗಳು ಹಲವಿವೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿ, 1678ರಿಂದ 1693ರ ನಡುವೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ‘ಹೊರ್ಟಸ್ ಮಲಬಾರಿಕಸ್’ನಲ್ಲಿ ‘ಕಿರ್ಗನೆಲ್ಲಿ’ಯ ಚಿತ್ರವಿದೆ. 1753ರಲ್ಲಿ ಲಿನೇಯಸ್ ಇಟ್ಟ ‘ಫಿಲಾಂಥಸ್ ನಿರೂರಿ’ ಎಂಬ ಹೆಸರನ್ನು ನಮ್ಮ ಗಿಡಕ್ಕೂ ಬಹುಕಾಲ ಬಳಸಲಾಯಿತು; ಅದು ಅಮೆರಿಕದ ಗಿಡಕ್ಕೆ ಸಲ್ಲಬೇಕಾದ್ದೆಂದು ಆಮೇಲೆ ತೀರ್ಮಾನವಾಯಿತು. ನಮ್ಮಲ್ಲಿ ಹೆಚ್ಚಾಗಿ ಕಾಣುವ ‘ಫಿಲಾಂಥಸ್ ಅಮರಸ್’ ಕೂಡ ಅಮೆರಿಕ ಮೂಲದ್ದೆಂಬುದು ಸಸ್ಯಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ. ಹಾಗಿದ್ದರೆ ಚರಕಸಂಹಿತೆ ಚ್ಯವನಪ್ರಾಶಕ್ಕೆ ಹೇಳಿದ ‘ತಾಮಲಕಿ’ ಇದೇ ಗಿಡವಾಗಿರಲಾರದು, ಇದರ ದಾಯಾದಿ ಯಾವುದೋ ಇದ್ದೀತು. ಹಳೆಯ ಹೆಸರಿನ ಮನೆಗೆ ಹೊಸ ಗಿಡ ಬಂದು ಸೇರಿಕೊಂಡಂತಾಯಿತು!

ಇದು ಪಂಡಿತರ ಜಗಳ ಮಾತ್ರವಲ್ಲ. ದಕ್ಷಿಣ ಭಾರತದ ಗಂಧಿಗೆ ಅಂಗಡಿಗಳಿಂದ ತಂದ ನೆಲನೆಲ್ಲಿಯನ್ನು ವಿಜ್ಞಾನಿಗಳು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಮುಕ್ಕಾಲು ಪಾಲು ಅಮರಸ್. ಉಳಿದುದರಲ್ಲಿ ಬೇರೆ ಐದು ಪ್ರಭೇದಗಳು.

ಸರಿಯಾದ ಗಿಡವೇ ಸಿಕ್ಕಿತೆನ್ನೋಣ, ಗುಣವಾಗುತ್ತದೆಯೇ? 1988ರಲ್ಲಿ ಮದರಾಸಿನ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದ್ದರು. ಹೆಪಟೈಟಿಸ್ ಬಿ ವೈರಾಣು ಹೊತ್ತಿದ್ದ 37 ಮಂದಿಗೆ ಅಮರಸ್ ಪುಡಿ ಕೊಟ್ಟಾಗ 22 ಮಂದಿಯ ರಕ್ತದಲ್ಲಿ ಅದರ ಗುರುತು ಇಲ್ಲವಾಯಿತು ಎಂಬುದು ಅದರ ಸಾರ. ಆ ಸುದ್ದಿ ಲೋಕದ ಗಮನ ಸೆಳೆಯಿತು, ಆದರೆ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಅಂಥ ಫಲ ಕಾಣಲಿಲ್ಲ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಕೀರ್ತಿ ಮಾತ್ರ ಕೊನೆಗೆ ಕುಡಿಸಿದ ಮದ್ದಿಗೆ. ಮಲೆನಾಡಿನ ಗದ್ದೆ, ತೋಟಗಳ ಕೆಲಸಗಾರರನ್ನು ಕಾಡುವ ಇಲಿಜ್ವರ ಉಲ್ಬಣಿಸಿದಾಗಲೂ ಕಣ್ಣು ಹೀಗೆಯೇ ಹಳದಿಯಾಗುತ್ತದೆ. ಆಗ ಬೇಕಾದದ್ದು ಆಸ್ಪತ್ರೆಯ ಆ್ಯಂಟಿಬಯಾಟಿಕ್, ಅದೂ ತಡಮಾಡದೆ.