ಚಾನ್ಸೆಲ್: ಒಂದು ಕಟಕಟೆಯ ಕಥೆ

ಇಂಗ್ಲೆಂಡಿನ ಹಳ್ಳಿಗಳ ಹಳೆಯ ಪ್ಯಾರಿಷ್ ಚರ್ಚುಗಳಲ್ಲಿ ಸಾಮಾನ್ಯವಾಗಿ ಎರಡು ಅಂಕಣಗಳಿರುತ್ತವೆ. ಪಶ್ಚಿಮಕ್ಕೆ ಜನ ಸೇರುವ ಉದ್ದನೆಯ ಅಂಕಣ, ಅದು ನೇವ್. ಪೂರ್ವಕ್ಕೆ ಬಲಿಪೀಠವಿರುವ, ತುಸು ಚಿಕ್ಕದಾದ ಅಂಕಣ, ಅದು ಚಾನ್ಸೆಲ್. ಸೋಜಿಗವೆಂದರೆ, ಈ ಎರಡನೆಯ ಹೆಸರು ಮೂಲದಲ್ಲಿ ಆ ಜಾಗದ್ದಲ್ಲ. ಅದರ ಮುಂದೆ ಹಾಕಿದ್ದ ತಡೆಯದ್ದು.

ಲ್ಯಾಟಿನ್ನಿನಲ್ಲಿ ‘ಕಾಂಕೆಲ್ಲಿ’ ಎಂದರೆ ಅಡ್ಡಪಟ್ಟಿ, ಉದ್ದಪಟ್ಟಿಗಳನ್ನು ಹೆಣೆದು ಮಾಡಿದ ಜಾಲರಿ, ಕಟಕಟೆ. ನಮಗೆ ಕಟಕಟೆ ಎಂದೊಡನೆ ನ್ಯಾಯಾಲಯ ನೆನಪಾಗುವಂತೆ, ರೋಮನ್ನರ ಕಾಂಕೆಲ್ಲಿಗೂ ನ್ಯಾಯಸಭೆಯ ನಂಟಿತ್ತು. ಅಲ್ಲಿ ಕಟಕಟೆಯ ಬಳಿ ನಿಂತು ಜನರನ್ನು ಒಳಬಿಡುತ್ತಿದ್ದ ಆಳು ‘ಕಾಂಕೆಲ್ಲಾರಿಯುಸ್’. ಬಾಗಿಲು ಕಾಯುತ್ತಿದ್ದವನು ಕಾಲಕ್ರಮದಲ್ಲಿ ಕಾಗದಪತ್ರ ನೋಡುವವನಾದ, ಬಳಿಕ ರಾಜಮುದ್ರೆಯನ್ನು ಕಾಯುವವನಾದ, ಕೊನೆಗೆ ಚಾನ್ಸೆಲರ್ ಆದ. ನಮ್ಮ ವಿಶ್ವವಿದ್ಯಾಲಯಗಳ ಕುಲಾಧಿಪತಿಯ ಇಂಗ್ಲಿಷ್ ಪದವಿನಾಮ ಹಳೆಯ ಆ ದ್ವಾರಪಾಲಕನಿಂದ ಬಂದದ್ದು. ಜರ್ಮನ್ನರ ‘ಕಾಂಟ್ಸ್ಲರ್’ ಕೂಡ ಇದೇ ವಂಶ. ಅವರು ಚರ್ಚಿನ ಉಪದೇಶಪೀಠವನ್ನು ‘ಕಾಂಟ್ಸೆಲ್’ ಎನ್ನುವುದಕ್ಕೂ, ಆ ಪೀಠ ಕಟಕಟೆಯ ಮಗ್ಗುಲಲ್ಲಿ ಇರುತ್ತಿದ್ದುದೇ ಕಾರಣ.

ಬರೆದದ್ದು ಬೇಡವಾದರೆ ಅದರ ಮೇಲೆ ಜಾಲರಿಯಂತೆ ಗೆರೆಗಳನ್ನು ಎಳೆಯುವುದು ‘ಕಾಂಕೆಲ್ಲಾರೆ’. ರೈಲು ಟಿಕೆಟಿನಿಂದ ಮದುವೆಯ ಛತ್ರದವರೆಗೆ ನಾವು ಕ್ಯಾನ್ಸಲ್ ಮಾಡುವುದೆಲ್ಲ ಈ ಗೆರೆಗಳ ಬಳುವಳಿ. ಚೆಕ್ಕಿನ ಮೇಲೆ ಗೆರೆ ಎಳೆದು ‘ಕ್ಯಾನ್ಸಲ್ಡ್’ ಎಂದು ಬರೆದುಕೊಡುವಾಗ ಪದವನ್ನೂ ಅದರ ಮೂಲಚಿತ್ರವನ್ನೂ ಒಟ್ಟಿಗೆ ಬರೆಯುತ್ತೇವೆ. ಕ್ಯಾನ್ಸಲ್‌ನಲ್ಲಿ ಉಳಿದ ಕಕಾರ ಚಾನ್ಸೆಲ್‌ನಲ್ಲಿ ಚಕಾರವಾದದ್ದು ಫ್ರೆಂಚರ ನಾಲಗೆಯಲ್ಲಿ. ನಮ್ಮ ಕೆರೆ ತೆಲುಗಿನಲ್ಲಿ ಚೆರುವು ಆದಂತೆ.

ಚರ್ಚಿಗೆ ಈ ಕಟಕಟೆ ಬಂದದ್ದು ಬಲಿಪೀಠದ ಸುತ್ತಣ ಜಾಗವನ್ನು ಬೇರ್ಪಡಿಸಲು. ರೋಮಿನ ಸಾನ್ ಕ್ಲೆಮೆಂಟೆ ಚರ್ಚಿನಲ್ಲಿ ಆರನೆಯ ಶತಮಾನದ ಅಮೃತಶಿಲೆಯ ತಡೆಹಲಗೆಗಳು ಇಂದಿಗೂ ಇವೆ. ಇಂಗ್ಲೆಂಡಿನಲ್ಲಿ ಈ ವಿಭಜನೆಯನ್ನು ಕಲ್ಲಿನ ಕಮಾನೂ ಮಾಡಿತು. ಡರಮ್ ಸೀಮೆಯ ಎಸ್ಕೂಂ ಎಂಬಲ್ಲಿ ಏಳನೆಯ ಶತಮಾನದ ಸ್ಯಾಕ್ಸನ್ ಚರ್ಚಿದೆ. ಅದರ ನೇವ್ ಉದ್ದ, ಇಕ್ಕಟ್ಟು. ಚಾನ್ಸೆಲ್ ಒಂದು ಪುಟ್ಟ ಚೌಕದ ಕೋಣೆ. ನಡುವಿನ ಎತ್ತರದ ಕಮಾನಿನ ಕಲ್ಲುಗಳು ಹತ್ತಿರದ ಬಿಂಚೆಸ್ಟರಿನ ರೋಮನ್ ಕೋಟೆಯಿಂದ ಬಂದವೆಂದು ತಜ್ಞರ ಅಭಿಪ್ರಾಯ. ಗೋಡೆಯ ಒಂದು ಕಲ್ಲಿನಲ್ಲಿ ರೋಮಿನ ಆರನೆಯ ಸೇನಾದಳದ ಹೆಸರೂ ಕೆತ್ತಿದೆ.

ಮಧ್ಯಯುಗದ ಕೊನೆಗೆ ಕಮಾನಿನಡಿ ಮರದ ತೆರೆಗೋಡೆಗಳೆದ್ದವು. ಅವುಗಳ ಮೇಲೆ ಶಿಲುಬೆ ನಿಲ್ಲುತ್ತಿದ್ದುದರಿಂದ ರೂಡ್ ಸ್ಕ್ರೀನ್ ಎಂಬ ಹೆಸರು. ‘ರೂಡ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಶಿಲುಬೆ. ನಾರ್ಫೋಕ್ ಸೀಮೆಯ ರ್‍ಯಾನ್‌ವರ್ತ್‌ನಲ್ಲಿ ಹದಿನೈದನೆಯ ಶತಮಾನದ ಇಂಥ ತೆರೆಯ ಮೇಲೆ ಸಂತರ ವರ್ಣಚಿತ್ರಗಳು ಉಳಿದಿವೆ. ಕೆಳಗರ್ಧ ಹಲಗೆ, ಮೇಲರ್ಧ ಕೆತ್ತನೆಯ ಕಂಡಿಗಳು. ನೋಡಬಹುದು, ದಾಟಲಾಗದು: ಪದದ ಮೂಲಾರ್ಥವೇ ಮರದಲ್ಲಿ ಮೈತಳೆದಂತಿದೆ.

ಧರ್ಮಸುಧಾರಣೆಯ ಕಾಲದಲ್ಲಿ ಜಗಳವಾದದ್ದೂ ಈ ಗೆರೆಯ ಮೇಲೆಯೇ. 1561ರಲ್ಲಿ ಮೊದಲನೆಯ ಎಲಿಜಬೆತ್ ರಾಣಿಯ ಆಜ್ಞೆ ತೆರೆಯ ಮೇಲಿನ ಅಟ್ಟವನ್ನು ಇಳಿಸಿ ಎಂದಿತು, ತೆರೆ ಮಾತ್ರ ಇರಲಿ ಎಂದಿತು. 1636ರಲ್ಲಿ ನಾರಿಚ್‌ನ ಬಿಷಪ್ ಮ್ಯಾಥ್ಯೂ ರೆನ್ ಬಲಿಪೀಠದ ಮುಂದೆ ಇನ್ನೊಂದು ಕಟಕಟೆ ಹಾಕಿಸಿದ. ನಾಯಿ ನುಸುಳದಷ್ಟು ಒತ್ತಾಗಿ ಕಂಬಿಗಳಿರಬೇಕೆಂಬುದು ಅವನ ಅಪ್ಪಣೆ. 1643ರಲ್ಲಿ ಪಾರ್ಲಿಮೆಂಟು ಅಂಥ ಕಟಕಟೆಗಳನ್ನು ಕೀಳಿಸಿತು, ಚಾನ್ಸೆಲ್‌ನ ನೆಲವನ್ನೂ ತಗ್ಗಿಸಲು ಹೇಳಿತು.

ಆದರೆ ಆ ಗೆರೆ ಗಟ್ಟಿಯಾಗಿ ಉಳಿದದ್ದು ಖರ್ಚಿನ ಲೆಕ್ಕದಲ್ಲಿ. ಊರ ಬೆಳೆಯಲ್ಲಿ ಹತ್ತನೇ ಒಂದು ಪಾಲು ಪಡೆಯುತ್ತಿದ್ದ ರೆಕ್ಟರ್ ಚಾನ್ಸೆಲ್ ದುರಸ್ತಿ ಮಾಡಿಸಬೇಕು, ನೇವ್ ಊರವರ ಪಾಲು: ಇದು ಅಲ್ಲಿನ ಹಳೆಯ ಕಟ್ಟಳೆ. ಊರವರು ಕಾಸು ಕೂಡಿಸಿ ನೇವ್‌ನ ಮಾಡು ಎತ್ತರಿಸಿದರೂ ಚಾನ್ಸೆಲ್ ಹಳೆಯ ತಗ್ಗಿನಲ್ಲೇ ಉಳಿದ ಚರ್ಚುಗಳು ಕಾಣಸಿಗುವುದಕ್ಕೆ ಇದೂ ಒಂದು ಕಾರಣ. ಎಷ್ಟೋ ಊರುಗಳಲ್ಲಿ ರೆಕ್ಟರನ ಹಕ್ಕು ಮಠಗಳ ಕೈಯಲ್ಲಿತ್ತು. 1536ರಿಂದ 1540ರ ನಡುವೆ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಆ ಹಕ್ಕುಗಳು ದೊರೆಗೆ ಸೇರಿ, ಅನೇಕವು ಗೃಹಸ್ಥರಿಗೆ ಮಾರಾಟವಾದವು. ಹಕ್ಕಿನ ಜೊತೆಗೆ ದುರಸ್ತಿಯ ಹೊರೆಯೂ ಹೋಯಿತು. ಮುಂದೆ ಎಷ್ಟೋ ಕಡೆ ಅದು ಜಮೀನಿಗೆ ಅಂಟಿಕೊಂಡಿತು.

ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋದಲ್ಲಿ 1990ರ ದಶಕದಲ್ಲಿ ಇದು ದಿಢೀರನೆ ಮೇಲೆದ್ದಿತು. ಅಲ್ಲಿನ ಒಂದು ಜಮೀನಿನ ಮಾಲೀಕರಿಗೆ ಚರ್ಚಿನ ಕಡೆಯಿಂದ 95,000 ಪೌಂಡಿಗೂ ಮಿಕ್ಕ ದುರಸ್ತಿ ಖರ್ಚಿನ ನೋಟಿಸು ಬಂತು. ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್‌ವರೆಗೆ ಏರಿತು; 2003ರಲ್ಲಿ ಮಾಲೀಕರು ಸೋತರು. ಆಮೇಲೆ ಮನೆ, ಜಮೀನು ಕೊಳ್ಳುವವರ ವಕೀಲರು ‘ಚಾನ್ಸೆಲ್ ಸರ್ಚ್’ ಮಾಡಿಸುವುದು, ಚಾನ್ಸೆಲ್ ವಿಮೆ ಕೊಳ್ಳುವುದು ಅಲ್ಲಿ ರೂಢಿಯಾಯಿತು. 2013ರ ಅಕ್ಟೋಬರ್ 13ರಿಂದ, ಈ ಹೊರೆ ಭೂನೋಂದಣಿಯಲ್ಲಿ ದಾಖಲಾಗದಿದ್ದರೆ ಆಮೇಲೆ ಹಣ ಕೊಟ್ಟು ಕೊಂಡವರಿಗೆ ಸಾಮಾನ್ಯವಾಗಿ ತಟ್ಟದು. ದಾಖಲಾಗಿದ್ದರೆ ಮಾತ್ರ ಅವರೂ ಕೊಡಲೇಬೇಕು. ಎಷ್ಟೋ ಚರ್ಚುಗಳಲ್ಲಿ ಕಟಕಟೆ ಕಿತ್ತುಹೋಗಿ ಕಾಲವಾಯಿತು. ಅದು ಎಳೆದ ಗೆರೆ ಮಾತ್ರ ಇನ್ನೂ ಕ್ಯಾನ್ಸಲ್ ಆಗಿಲ್ಲ.